ಅಪ್ಪನ ಕಾರಿನ ನಡುಪೈಪು

ಕಲೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಮಿಮಿಕ್ರಿ ತಂಡದ ಅಭ್ಯಾಸದ ಕೋಣೆಗೂ ಆಶಾನ್ ಅವರ ಸೈಲೆನ್ಸರ್ ಶೆಡ್ಡಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ ಮಾತ್ರ. ಆ ಕಡೆ ಅವರು ಪೈಪು ಕೊಯ್ಯಲು ಶುರುಮಾಡಿದರೆ ಈ ಕಡೆ ನಾವು ಅನುಕರಿಸುತ್ತಿದ್ದ ಮಂತ್ರಿಗಳೆಲ್ಲ ಭಾಷಣ ನಿಲ್ಲಿಸಿ ಚಹಾ ಕುಡಿಯಲು ಹೋಗಬೇಕಾಗುತ್ತಿತ್ತು. ತೊಂಬತ್ತರ ದಶಕದ ನಡುವಿನ ಮಾತು. ನಾನು ಕಳಮಶ್ಶೇರಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೆ; ಅಂದರೆ ಅಲ್ಲಿನ ಹಾಸ್ಟೆಲಿನಲ್ಲಿ ನನ್ನ ಹೆಸರಿನ ಒಂದು ಮಂಚವಿತ್ತು. ನಾನು ಇರುತ್ತಿದ್ದದ್ದು ಕಲೂರಿನಲ್ಲಿ.

ತಂಡದಲ್ಲಿ ಕನ್ನಡದವನು ನಾನೊಬ್ಬನೇ. ತಿರುವನಂತಪುರದಲ್ಲಿ ಬೆಳೆದಿದ್ದರೂ ನನ್ನ ಮಲಯಾಳದಿಂದ ಮೈಸೂರು ಪೂರ್ತಿ ಇಳಿದು ಹೋಗಿರಲಿಲ್ಲ. ಹಾಗಾಗಿ ಮಾತಿರುವ ಪಾತ್ರ ಯಾವುದನ್ನೂ ನನಗೆ ಕೊಡುತ್ತಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಆನೆ, ಮಿಕ್ಸಿ, ದೋಣಿಯ ಮೋಟಾರು ಮತ್ತು ಕಾರುಗಳು. ಆನೆಯಲ್ಲಿ ನಾನು ಸಾಧಾರಣ. ಕಾರಿನಲ್ಲಿ ಮಾತ್ರ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಇದನ್ನು ನಂಬಿದವರು ಆಶಾನ್ ಒಬ್ಬರೇ. ಆಶಾನ್ ಎಂದರೆ ಗುರು. ಅವರ ಶೆಡ್ಡಿನಲ್ಲಿ ಗುರುವೂ ಅವರೇ, ಶಿಷ್ಯನೂ ಅವರೇ. ಎಂಜಿನ್ನಿನಿಂದ ಹಿಂಬದಿಯ ಸೈಲೆನ್ಸರಿಗೆ ಹೊಗೆ ಹೋಗುವ ದಾರಿಯಲ್ಲಿ, ಕಾರಿನ ಹೊಟ್ಟೆಯ ಕೆಳಗೆ ಹಾಯುವ ತುಂಡು ನಡುಪೈಪು. ಅದನ್ನು ಬದಲಾಯಿಸುವುದರಲ್ಲಿ ಅವರು ಹೆಸರುವಾಸಿ. ನಡುಪೈಪಿನಲ್ಲಿ ಸದ್ದು ನುಂಗುವ ಸಣ್ಣ ಡಬ್ಬಿಯೊಂದಿದ್ದರೆ ಕಾರು ಸಭ್ಯವಾಗಿರುತ್ತದೆ. ಡಬ್ಬಿ ಇಲ್ಲದ ಸಪೂರ ಪೈಪು ಹಾಕಿದರೆ ಕೀರಲು ದನಿ. ಡಬ್ಬಿ ಇಲ್ಲದ ಅಗಲ ಪೈಪು ಹಾಕಿದರೆ ಎದೆಯೊಳಗಿಂದ ಬರುವ ಗುಡುಗು. ಯಾವುದು ಬೇಕೆಂದು ಗಿರಾಕಿಗಳು ತಲೆ ಕೆರೆದುಕೊಳ್ಳುವಾಗ ಆಶಾನ್ ತಗಡಿನ ಗೋಡೆಗೆ ಸ್ಪ್ಯಾನರಿನಿಂದ ಬಡಿಯುತ್ತಿದ್ದರು. ನಾನು ಹೋಗಿ ಕೈಕಟ್ಟಿ ನಿಲ್ಲುತ್ತಿದ್ದೆ.

“ಮೋನೇ, ಮೂರನ್ನೂ ಸಾರ್‌ಗೆ ಕೇಳಿಸು,” ಎನ್ನುತ್ತಿದ್ದರು. ಅವರು ಹೇಳುತ್ತಿದ್ದದ್ದು ಮಲಯಾಳದಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಮೋನೇ’ಯನ್ನು ಮಾತ್ರ ಮಗನೇ ಎಂದು ಬದಲಾಯಿಸಲು ಮನಸ್ಸು ಬರುವುದಿಲ್ಲ.

ನಾನು ಬಾಯಲ್ಲೇ ಮೂರೂ ಪೈಪುಗಳನ್ನು ಜೋಡಿಸಿ, ಗೇರು ಬದಲಾಯಿಸಿ, ಏರು ಹತ್ತಿಸಿ ತೋರಿಸುತ್ತಿದ್ದೆ. ಹರೆಯದವರು ಮೂರನೆಯದನ್ನೇ ಆರಿಸುತ್ತಿದ್ದರು. ಮದುವೆಯಾದವರು ಮೂರನೆಯದನ್ನು ಎರಡೆರಡು ಸಲ ಕೇಳಿ, ನಿಟ್ಟುಸಿರುಬಿಟ್ಟು, ಮೊದಲನೆಯದನ್ನು ಹಾಕಿಸಿಕೊಂಡು ಹೋಗುತ್ತಿದ್ದರು.

ಆದರೆ ಆಶಾನ್ ನನ್ನ ಬಾಯಿಯನ್ನು ಪೂರ್ತಿ ನಂಬಿ ವೆಲ್ಡ್ ಮಾಡಿದವರಲ್ಲ. ಆರಿಸಿದ ಪೈಪನ್ನು ಮೊದಲು ಮೂರು ಕಡೆ ಚುಕ್ಕೆಯಷ್ಟೇ ಬೆಸೆಯುತ್ತಿದ್ದರು. ಆಮೇಲೆ ಗಿರಾಕಿ ಕಾರಿನೊಳಗೆ ಕೂತು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಮಾತಾಡುತ್ತ ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರಬೇಕು. ಮಾತು ಕೇಳಿಸಿತೆಂದರೆ ಮಾತ್ರ ಪೂರ್ತಿ ವೆಲ್ಡ್. “ಹಿಂದೆ ನಿಂತು ಕೇಳೋನು ದಾರೀಲಿ ಹೋಗೋನು. ಒಳಗೆ ಕೂತು ಕೇಳೋನು ಗಾಡಿ ಓಡಿಸೋನು,” ಎಂದು ಅವರು ಪ್ರತಿ ಗಿರಾಕಿಗೂ ಹೇಳುತ್ತಿದ್ದರು. ನಾನು ಅವರ ಹಿಂದೆ ನಿಂತು, ಅವರದೇ ಕೆಮ್ಮಿನ ಸಮೇತ, ಆ ಮಾತನ್ನು ಅನುಕರಿಸುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಅಪ್ಪ ತಿರುವನಂತಪುರದಿಂದ ಕಾರು ಓಡಿಸಿಕೊಂಡು ಬಂದರು. ಪಕ್ಕದಲ್ಲಿ ಅಮ್ಮ. ಕಡಲ ಗಾಳಿಗೆ ತುಕ್ಕು ಹಿಡಿದ ನಡುಪೈಪು ಇನ್ನೇನು ತೂತು ಬೀಳುವಂತಿತ್ತು. ಹಿಂದಿನ ವರ್ಷ ನನ್ನ ಒತ್ತಾಯಕ್ಕೆ ಹಿಂಬದಿಯ ದಪ್ಪ ಸೈಲೆನ್ಸರನ್ನು ಆಶಾನ್ ಹತ್ತಿರವೇ ಹಾಕಿಸಿದ್ದೆವು. ಇದನ್ನೂ ಅವರೇ ಹಾಕಲಿ ಎಂದು ನಾನು ಫೋನಿನಲ್ಲಿ ಅಮ್ಮನಿಗೆ ಹೇಳಿದ್ದೆ. ಅಮ್ಮನಿಗೂ ನನ್ನನ್ನು ನೋಡಿಹೋಗಬೇಕಿತ್ತು. ಮೈಸೂರಿನಲ್ಲಿ ಅಕ್ಕನಿಗೆ ದಿನ ತುಂಬಿತ್ತು. ಅಮ್ಮ ಅದೇ ವಾರ ಹೊರಟರೆ ಬಾಣಂತನ ಮುಗಿಸಿ ಬರಲು ಮೂರು ತಿಂಗಳು.

ಕಾರು ಓಣಿಗೆ ತಿರುಗುವ ಮೊದಲೇ ಅದರ ಸದ್ದು ಬಂತು. ಮೊದಲ ಗೇರಿನಲ್ಲೇ ಎಂಜಿನ್ನು ಗಂಟಲು ಹರಿಯುವಂತೆ ಕಿರುಚುತ್ತಿತ್ತು. ಬಸ್ ನಿಲ್ದಾಣದ ತಿರುವಿನಿಂದ ಅಷ್ಟು ದೂರವನ್ನೂ ಅಪ್ಪ ಹಾಗೆಯೇ ಎಳೆದುಕೊಂಡು ಬಂದಿದ್ದರು. ಒಳಗೆ ನೋಡಿದರೆ ದೇವರ ದರ್ಶನ ಮುಗಿಸಿ ಬಂದವರಂತೆ ಶಾಂತವಾದ ಮುಖ.

ಇಂಥದ್ದನ್ನು ಬಿಡುವವನೇ ನಾನು? ಅಪ್ಪ ಇಳಿದು ಬರುವಷ್ಟರಲ್ಲಿ ತಂಡದವರ ಮುಂದೆ ನಿಂತು ಆ ಕಿರುಚಾಟವನ್ನು ತೆಗೆದೆ. ಅದರ ಮೇಲೆ ಅಪ್ಪನ ನಗುಮುಖವನ್ನು ಇಟ್ಟೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಬೇರೊಂದು ಕಾರಿನಡಿ ಮಲಗಿದ್ದ ಆಶಾನ್ ಅಲ್ಲಿಂದಲೇ ನಕ್ಕರು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಅಪ್ಪ. ತನ್ನನ್ನೇ ಅಣಕಿಸಿದರೂ ಹೀಗೆ ನಗುವ ಅಪ್ಪ ಎಷ್ಟು ಜನಕ್ಕಿದ್ದಾರೆ ಎಂದು ನನಗೆ ಹೆಮ್ಮೆಯಾಯಿತು.

ಅಮ್ಮ ನಗಲಿಲ್ಲ. ನನ್ನ ತೋಳು ಹಿಡಿದು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದಳು.

“ನೀನು ಏನು ಮಾಡ್ದೆ ಅಂತ ಅವರಿಗೆ ಗೊತ್ತಾಗ್ಲಿಲ್ಲ ಕಣೋ,” ಎಂದಳು. “ಎಲ್ರೂ ನಗ್ತಿದ್ರಲ್ಲ, ಅದಕ್ಕೆ ನಕ್ರು.”

“ಹಂಗಂದ್ರೆ?”

“ಕೇಳಿಸಲ್ಲ. ಎರಡು ವರ್ಷದಿಂದ ಕಮ್ಮಿಯಾಗ್ತಾ ಬಂತು. ಈಗೀಗ ನಾನು ಎದುರಿಗೆ ನಿಂತು ಹೇಳಿದ್ರೆ ತುಟಿ ನೋಡ್ಕೊಂಡು ಉತ್ತರ ಕೊಡ್ತಾರೆ. ನಿಮ್ಮ ತಾತನಿಗೂ ಹೀಗೇ ಆಗಿತ್ತಂತೆ.”

ರಜೆಯಲ್ಲಿ ಊರಿಗೆ ಹೋದಾಗ ಅಪ್ಪ ‘ಆಂ? ಆಂ?’ ಎನ್ನುತ್ತಿದ್ದದ್ದು ನನಗೆ ನೆನಪಾಯಿತು. ಅದನ್ನೂ ನಾನು ಬಿಟ್ಟಿರಲಿಲ್ಲ. ಯುಗಾದಿಯ ದಿನ ಕನ್ನಡದ ಮನೆಗಳವರೆಲ್ಲ ಸೇರಿದ್ದಾಗ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ.

“ಡಾಕ್ಟರಿಗೆ ತೋರಿಸಿದ್ರಾ?”

“ಕಿವಿಗೆ ಮಿಷನ್ ಹಾಕ್ಕೊಳ್ಳಿ ಅಂದ್ರು. ರಿಟೈರಾಗೋ ತನಕ ಬೇಡ ಅಂತಾರೆ ಇವರು. ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ.”

ಅಪ್ಪ ಬಾಹ್ಯಾಕಾಶದ ಸಂಸ್ಥೆಯಲ್ಲಿ ಯಂತ್ರಗಳ ನಡುಕವನ್ನು ಅಳೆಯುವ ವಿಭಾಗದಲ್ಲಿದ್ದರು. ಕಣ್ಣಿನ ಕೆಲಸ, ಸೂಜಿ ಮತ್ತು ಗೆರೆಗಳ ಕೆಲಸ. ಅಲ್ಲಿ ಹೇಗೋ ನಡೆದುಹೋಗುತ್ತಿತ್ತು. ನಡೆಯದೆ ಇದ್ದದ್ದು ಕಾರಿನಲ್ಲಿ. ಇಪ್ಪತ್ತು ವರ್ಷ ಎಂಜಿನ್ನಿನ ಸದ್ದು ಕೇಳಿ ಗೇರು ಹಾಕಿದವರು ಅವರು. ಆ ಸದ್ದೇ ಹೋದ ಮೇಲೆ ಕೈ ಗೇರಿನ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಅದಕ್ಕೆ ಇಬ್ಬರೂ ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಕಾರು ಓಡಿಸಲು ಬಾರದ ನನ್ನ ಅಮ್ಮ ಪಕ್ಕದಲ್ಲಿ ಕೂತು ಎಂಜಿನ್ನನ್ನು ಕೇಳುವುದು. ಅಪ್ಪನ ಎಡತೋಳನ್ನು ಒಂದು ಸಲ ತಟ್ಟಿದರೆ ಮೇಲಿನ ಗೇರು, ಎರಡು ಸಲ ತಟ್ಟಿದರೆ ಕೆಳಗಿನದು.

“ನಿನಗೆ ಹೇಗಮ್ಮ ಗೊತ್ತಾಗುತ್ತೆ?”

“ಕುಕ್ಕರ್ ಸದ್ದು ಕೇಳಿ ಉರಿ ಸಣ್ಣ ಮಾಡಲ್ವಾ? ಹಾಗೇ.” ಶೆಡ್ಡಿನ ಕಡೆ ಕಣ್ಣು ಹಾಯಿಸಿ, “ಕಲೂರು ಬಂದ ಮೇಲೆ ತಟ್ಟಬೇಡ ಅಂದ್ರು. ಮಗ ನೋಡ್ತಾನೆ ಅಂತ,” ಎಂದಳು.

ತಟ್ಟದಿದ್ದರೆ ಏನಾಗುತ್ತದೆಂದು ನಾನು ನೋಡಿದ್ದೆ. ನೋಡಿ, ನಾಲ್ಕು ಜನರ ಮುಂದೆ ಮಾಡಿಯೂ ತೋರಿಸಿದ್ದೆ.

“ನಾನಿಲ್ದೆ ಮೂರು ತಿಂಗಳು ಒಬ್ರೇ ಓಡಿಸ್ಬೇಕು,” ಎಂದಳು ಅಮ್ಮ. “ಪೈಪು ಹೇಗೂ ಬದಲಾಯಿಸ್ತೀರಲ್ಲ. ಎಂಜಿನ್ ಅವರಿಗೆ ಕೇಳಿಸೋ ಹಾಗೆ ಏನಾದ್ರೂ ಹಾಕ್ಸು. ಕಾರು ಬಿಡಿ ಅಂದ್ರೆ ಯಾಕೆ ಅಂತ ಎಲ್ರೂ ಕೇಳ್ತಾರೆ. ಹೇಳೋಕೆ ಇವರು ಒಪ್ಪಲ್ಲ. ಯಾರ ಹತ್ರಾನೂ ಬಾಯಿ ಬಿಡ್ಬೇಡ. ಆಶಾನ್‌ಗೂ ಹೇಳ್ಬೇಡ.”

ನಾನು ವಾಪಸ್ಸು ಬಂದಾಗ ಅಪ್ಪ ಶೆಡ್ಡಿನ ಮುಂದೆ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದರು. ನನಗೆ ಬೆನ್ನು. ಹತ್ತು ಹೆಜ್ಜೆ ಹಿಂದೆ ನಿಂತೆ. ಎಷ್ಟೋ ಗಿರಾಕಿಗಳಿಗೆ ಕೇಳಿಸಿದ್ದನ್ನೇ ಕೇಳಿಸಿದೆ. ಮೊದಲು ಡಬ್ಬಿಯ ಪೈಪು. ಅಪ್ಪ ಅಲುಗಾಡಲಿಲ್ಲ. ಆಮೇಲೆ ಸಪೂರ ಪೈಪು. ಅದನ್ನು ನಾನು ಕುತ್ತಿಗೆಯ ನರ ಉಬ್ಬುವಷ್ಟು ಜೋರಾಗಿ ತೆಗೆದೆ. ಎದುರಿನ ಮೋರಿಯ ಹತ್ತಿರ ಮಲಗಿದ್ದ ನಾಯಿ ಎದ್ದು ಬೇರೆ ಕಡೆ ಹೋಯಿತು. ಆಶಾನ್ ಕಾರಿನಡಿಯಿಂದ, “ಯಾರನ್ನು ಕೊಲ್ತಿದ್ದೀಯ ಮೋನೇ?” ಎಂದು ಕೂಗಿದರು. ಅಪ್ಪ ಪುಟ ತಿರುಗಿಸಿದರು.

ಹೊಗಳಿಕೆಯನ್ನೂ ಬೈಗುಳವನ್ನೂ ನಾನು ಸಾಕಷ್ಟು ಕಂಡಿದ್ದೆ. ನನ್ನ ಸದ್ದು ಒಬ್ಬರಿಗೆ ಮುಟ್ಟದೇ ಹೋದದ್ದು ಅದೇ ಮೊದಲು.

ಮೂರನೆಯದನ್ನು ಹೊಟ್ಟೆಯ ತಳದಿಂದ ತೆಗೆದೆ. ಅಗಲ ಪೈಪಿನ ಗುಡುಗು. ಅಪ್ಪ ಪೇಪರು ಇಳಿಸಿ ಹಿಂದೆ ತಿರುಗಿದರು.

“ಲಾರಿ ಬಂತೇನೋ?”

“ಇಲ್ಲಪ್ಪ, ನಾನೇ.”

“ಹೂಂ, ಹೂಂ,” ಎಂದು ನಕ್ಕು ಮತ್ತೆ ಪೇಪರಿಗೆ ಮರಳಿದರು. ನಾನು ಹೇಳಿದ್ದು ಅವರಿಗೆ ಮುಟ್ಟಿರಲಿಲ್ಲ. ಆದರೆ ಕೀರಲು ದನಿ ಮುಟ್ಟದ ಕಿವಿಗೆ ತಗ್ಗುದನಿಯ ಗುಡುಗು ಮುಟ್ಟಿತ್ತು. ನನಗೆ ಅಷ್ಟು ಸಾಕಾಯಿತು.

ಆಶಾನ್‌ಗೆ ಅಗಲ ಪೈಪೇ ಇರಲಿ ಎಂದೆ. ಅವರು ಕೈ ಒರೆಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅಪ್ಪನ ಗಾಡಿಗಾ ನಿನ್ನ ಗಾಡಿಗಾ?”

“ಅಪ್ಪನಿಗೇ. ಅವರಿಗೆ ಇಷ್ಟ.”

“ಈ ವಯಸ್ಸಲ್ಲಿ ಈ ಗುಡುಗು ಯಾರೂ ಕೇಳಲ್ಲ. ಯಾಕೆ ಅಂತ ಹೇಳು.”

“ನಮ್ಮಪ್ಪ ಈಗ ಹುಡುಗ ಆಗ್ತಿದ್ದಾರೆ ಆಶಾನೇ,” ಎಂದೆ. ಅವರು ನಕ್ಕು ಪೈಪು ಎತ್ತಿಕೊಂಡರು. ಕಾರಣವನ್ನು ಆಗ ಹೇಳಿದ್ದರೆ ಅವರು ಆ ಪೈಪನ್ನು ಮುಟ್ಟುತ್ತಲೂ ಇರಲಿಲ್ಲ.

ಮೂರು ಚುಕ್ಕೆ ಬೆಸೆದು ಕಾರು ಇಳಿಸಿದರು. ಅಪ್ಪ ಕೂತು ಸ್ಟಾರ್ಟ್ ಮಾಡಿದರು. ಗುಡುಗು ಎದ್ದಿತು. ಅಪ್ಪನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ನಗಲಿಲ್ಲ. ಯಾರೋ ಹೊರಗಿನಿಂದ ಕರೆದಾಗ ತಲೆ ವಾರೆ ಮಾಡಿ ಆಲಿಸುತ್ತೇವಲ್ಲ, ಹಾಗೆ ಕೂತರು. ಆಕ್ಸಿಲರೇಟರ್ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಓಣಿಯ ತುದಿಗೆ ಹೋಗಿ ತಿರುಗಿಸಿಕೊಂಡು ಬಂದರು. ಒಂದು, ಎರಡು, ಮತ್ತೆ ಒಂದು: ಗೇರುಗಳು ಬೆಣ್ಣೆಯಲ್ಲಿ ಚಾಕು ಹೋದಂತೆ ಬಿದ್ದವು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ದೊಡ್ಡ ರಸ್ತೆಗೆ ಹೋಗಿ ಬನ್ನಿ,” ಎಂದರು ಆಶಾನ್. “ಒಳಗೆ ಕೂತು ಮಾತಾಡಿ ನೋಡಿ.”

“ನಮ್ಮ ಮನೇಲಿ ಮಾತಾಡೋದು ನಾನೊಬ್ಬನೇ ಆಶಾನೇ. ಅದು ಕೇಳಿಸದಿದ್ರೆ ಎಲ್ಲರಿಗೂ ಸುಖ. ವೆಲ್ಡ್ ಮಾಡಿಬಿಡಿ,” ಎಂದೆ.

ಅವರು ಅಪ್ಪನ ಕಡೆ ನೋಡಿದರು. ಅಪ್ಪ ಏನೂ ಕೇಳಿಸದೆಯೇ “ಶೆರಿ, ಶೆರಿ,” ಎಂದು ತಲೆಯಾಡಿಸಿದರು. ಆಶಾನ್ ಮುಖವಾಡ ಇಳಿಸಿಕೊಂಡು ವೆಲ್ಡ್ ಮಾಡಿದರು.

ಮರುದಿನ ಭಾನುವಾರ ಬೆಳಿಗ್ಗೆ ಮೂವರೂ ತಿರುವನಂತಪುರಕ್ಕೆ ಹೊರಟೆವು. ಅಮ್ಮನನ್ನು ರೈಲು ಹತ್ತಿಸುವ ತನಕ ನಾನೂ ಮನೆಯಲ್ಲಿರುವುದೆಂದಾಗಿತ್ತು. ಹಿಂದಿನ ಸೀಟಿನಲ್ಲಿ ಕೂತ ನನ್ನ ಎದೆಯೊಳಗೇ ಎಂಜಿನ್ನು ಇದ್ದಂತಿತ್ತು. ಅಮ್ಮನ ಕೈಗಳು ಮಡಿಲಲ್ಲಿ ಬಿಡುವಾಗಿದ್ದವು. ಅಪ್ಪ ತಾವಾಗಿ ಗೇರು ಹಾಕುತ್ತ, ತಾವಾಗಿ ಇಳಿಸುತ್ತ, ಎಂದಿಲ್ಲದಷ್ಟು ಮಾತಾಡಿದರು. ಮಗು ಹುಟ್ಟಿದರೆ ಏನು ಹೆಸರು, ಯಾರ ಮೂಗು. ನಾವು ಏನು ಉತ್ತರ ಹೇಳಿದೆವೋ ನಮಗೇ ಕೇಳಿಸಲಿಲ್ಲ. ಅವರಿಗೂ ಉತ್ತರ ಬೇಕಿರಲಿಲ್ಲ.

ಆಲಪ್ಪುಳ ದಾಟಿದ ಮೇಲೆ ನಮ್ಮ ಮುಂದೆ ತೆಂಗಿನ ನಾರು ಹೇರಿಕೊಂಡ ಲಾರಿಯೊಂದು ತೆವಳುತ್ತಿತ್ತು. ರಸ್ತೆ ಕಿರಿದು. ಅಪ್ಪ ಕನ್ನಡಿಯಲ್ಲಿ ಒಮ್ಮೆ ನೋಡಿದರು. ಆಗ ಹಿಂದಿನ ಬಸ್ಸು ದೂರವಿತ್ತು. ಎದುರು ಖಾಲಿಯಾಗಲೆಂದು ಕಾದರು. ಅಷ್ಟರಲ್ಲಿ ಆ ಬಸ್ಸು ಬೆನ್ನಿಗೆ ಬಂದು, ನಮ್ಮನ್ನೂ ಲಾರಿಯನ್ನೂ ಒಟ್ಟಿಗೆ ದಾಟಲು ಬಲಕ್ಕೆ ಹೊರಳಿ ಹಾರ್ನ್ ಹೊಡೆಯತೊಡಗಿತು. ಒಂದೇ ಸಮನೆ, ಕೀರಲು ಹಾರ್ನ್. ಆ ಗುಡುಗಿನೊಳಗೆ ಅದು ನನಗೇ ತಡವಾಗಿ ಕೇಳಿಸಿತು. “ಅಪ್ಪಾ, ಬಸ್ಸು!” ಎಂದು ಕೂಗಿದೆ. ಅಮ್ಮ ಗಾಬರಿಯಲ್ಲಿ ಅಪ್ಪನ ಎಡತೋಳಿಗೆ ಹೊಡೆದಳು.

ಒಂದೇ ಸಲ.

ಅಪ್ಪ ಮೇಲಿನ ಗೇರು ಹಾಕಿದರು. ಹೆಂಡತಿ ‘ಹೋಗಿ’ ಎಂದಿದ್ದಾಳೆಂದು ನಂಬಿ, ಒತ್ತಿ, ಬಲಕ್ಕೆ ತಿರುಗಿಸಿದರು.

ಕಿಟಕಿಯ ತುಂಬ ಬಸ್ಸು ಕಂಡಿತು. ತಗಡು ಕೀರಿದ ಸದ್ದು. ಅಪ್ಪ ಎಡಕ್ಕೆ ಎಳೆದರು, ಬ್ರೇಕು ಒತ್ತಿದರು, ಕಾರು ರಸ್ತೆಯಂಚಿನ ಮರಳಿಗಿಳಿದು ಕುಲುಕಿ ನಿಂತಿತು. ಎಂಜಿನ್ನು ಆರಿಹೋಯಿತು. ಬಸ್ಸು ನಿಲ್ಲದೆ ಹೋಯಿತು. ಅಪ್ಪನ ಬದಿಯ ಕನ್ನಡಿ ಇರಲಿಲ್ಲ. ಬಾಗಿಲಿನ ಮೇಲೆ ಉದ್ದಕ್ಕೂ ಗೆರೆ. ನಮಗೆ ಯಾರಿಗೂ ಏನೂ ಆಗಿರಲಿಲ್ಲ.

ಅಮ್ಮ ತನ್ನ ಕೈಯನ್ನೇ ನೋಡುತ್ತ ಕೂತಿದ್ದಳು.

ಅಪ್ಪ ಇಳಿದು ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಹಾರ್ನ್ ಹೊಡೆದ್ನಾ?”

ತಲೆಯಾಡಿಸಿದೆ.

“ತುಂಬಾ ಹೊತ್ತು?”

ಮತ್ತೆ ತಲೆಯಾಡಿಸಿದೆ.

“ಹೇಗಿತ್ತು? ಮಾಡು.”

ತಮಾಷೆಯೇ ಎಂದು ಅವರ ಮುಖ ನೋಡಿದೆ. ಅಲ್ಲ. ಎರಡಡಿ ದೂರದಲ್ಲಿ ನಿಂತು ಆ ಹಾರ್ನನ್ನು ಮಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಕರಾರುವಾಕ್ಕಾಗಿ ಯಾವುದನ್ನೂ ಮಾಡಿಲ್ಲ. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಬೆಚ್ಚಿ ಪಕ್ಕಕ್ಕೆ ಸರಿದ. ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದರು.

“ಜೋರಾಗಿ ಮಾಡೋ.”

ಉಸಿರು ತುಂಬಿಕೊಂಡು ಇನ್ನೊಮ್ಮೆ ಮಾಡಿದೆ. ಕೊನೆಯಲ್ಲಿ ದನಿ ಒಡೆಯಿತು.

“ಸಾಕು ಬಿಡು,” ಎಂದರು. ಅಮ್ಮನ ಕಡೆ ನೋಡಿ, “ಇವನಿಗೆ ಹೇಳಿದ್ಯಾ?” ಎಂದರು. ಅಮ್ಮ ಹೂಂ ಎಂಬಂತೆ ಕತ್ತಾಡಿಸಿದಳು. ಅವರು ಸಿಟ್ಟಾಗಲಿಲ್ಲ. ಬಗ್ಗಿ, ಚಕ್ರ ಹೂತಿದ್ದ ಮರಳನ್ನು ಕೈಯಿಂದ ಸರಿಸತೊಡಗಿದರು.

“ನಿನ್ನೆಯಿಂದ ಗಾಡಿ ಕೇಳಿಸ್ತಿತ್ತು ಕಣೋ. ಎಷ್ಟು ದಿನ ಆಗಿತ್ತು. ಎಷ್ಟು ಖುಷಿಯಾಯ್ತು ಅಂದ್ರೆ, ಬೇರೆ ಏನೂ ಕೇಳಿಸ್ತಿಲ್ಲ ಅನ್ನೋದೇ ಮರೆತುಹೋಯ್ತು.”

“ನಾನೇ ಹಾಕ್ಸಿದ್ದಪ್ಪ,” ಎಂದೆ, ಅವರ ಎದುರಿಗೆ ನಿಂತು, ನಿಧಾನವಾಗಿ. “ಆಶಾನ್ ಕೇಳಿದ್ರು. ನಾನು ಸುಳ್ಳು ಹೇಳ್ದೆ. ತಮಾಷೆ ಮಾಡ್ದೆ.”

“ನಿನಗೆ ಸುಳ್ಳು ಹೇಳ್ಸಿದ್ದು ನಾನಲ್ವಾ,” ಎಂದು ಅಪ್ಪ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟರು.

ಅಮ್ಮ ಹಿಂದಿನ ಸೀಟಿಗೆ ಹೋದಳು. ಅಪ್ಪ ಅವಳ ಜಾಗದಲ್ಲಿ ಕೂತರು. ತಿರುವನಂತಪುರದವರೆಗೂ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ.

ಸೋಮವಾರ ಅಪ್ಪ ರಜೆ ಹಾಕಿದರು. ರೈಲು ನಿಲ್ದಾಣದ ಹತ್ತಿರ, ತಂಪಾನೂರಿನ ಲಾಡ್ಜುಗಳ ಹಿಂದಿನ ಬೀದಿಯಲ್ಲಿ ಒಂದು ವರ್ಕ್‌ಶಾಪ್ ಇತ್ತು. ನಾನೇ ಹೋಗಿ ಬದಲಾಯಿಸಿಕೊಂಡು ಬರುತ್ತೇನೆಂದರೂ ಕೇಳದೆ ಜೊತೆಗೆ ಬಂದರು. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಕೆಳಗೆ ತೂರಿ, ಪೈಪನ್ನು ಬೆರಳಿನಿಂದ ಬಡಿದು, ಅಲ್ಲಿಂದಲೇ ಏನೋ ಕೇಳಿದ. ಅಪ್ಪನ ತಲೆ ಅಭ್ಯಾಸಬಲದಿಂದ ಆಡಲು ಹೊರಟದ್ದನ್ನು ಕಂಡೆ. ಉತ್ತರ ಹೇಳಲು ನಾನು ಬಾಯಿ ತೆರೆದೆ. ಅಪ್ಪ ಕೈ ಅಡ್ಡ ಹಿಡಿದರು. ಬಗ್ಗಿ, ಕಾರಿನಡಿಗೆ ಮುಖ ಮಾಡಿ, ತಮಗೆ ಕೇಳಿಸದ ತಮ್ಮದೇ ದನಿಯಲ್ಲಿ, ಇಡೀ ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

“ಎನಿಕ್ಕು ಚೆವಿ ಕೇಳ್ಕಿಲ್ಲ. ಮುಖತ್ತು ನೋಕ್ಕಿ ಪರಯಣಂ.”

ನನಗೆ ಕಿವಿ ಕೇಳಿಸುವುದಿಲ್ಲ, ಮುಖ ನೋಡಿ ಹೇಳಬೇಕು. ಚಹಾ ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ತಿರುಗಿ ನೋಡಿ, ಮತ್ತೆ ತಮ್ಮ ಲೋಟಗಳಿಗೆ ಮರಳಿದರು. ಅಷ್ಟೇ. ಎರಡು ವರ್ಷ ಅಪ್ಪ ಹೆದರಿಕೊಂಡದ್ದು ಅಷ್ಟಕ್ಕೆ.

ಮೆಕ್ಯಾನಿಕ್ ತೆವಳಿಕೊಂಡು ಹೊರಗೆ ಬಂದ. ಲುಂಗಿಗೆ ಕೈ ಒರೆಸಿಕೊಂಡು, ಅಪ್ಪನ ಎದುರು ನಿಂತು, ಡಬ್ಬಿ ಇರುವುದು ಬೇಕೋ ಇಲ್ಲದ್ದು ಬೇಕೋ ಎಂದು ಬಿಡಿಸಿ ಬಿಡಿಸಿ ಕೇಳಿದ.

“ಡಬ್ಬಿ ಇರೋದು,” ಎಂದರು ಅಪ್ಪ, ಮರೆತು ಕನ್ನಡದಲ್ಲಿ. ಆಮೇಲೆ ಬೆರಳಿನಿಂದ ಪೈಪಿನ ನಡುವೆ ಡಬ್ಬಿಯ ಆಕಾರ ಬರೆದು ತೋರಿಸಿದರು. “ಗಾಡಿ ಇವನು ಓಡಿಸ್ತಾನೆ. ಇವನಿಗೆ ಹಾರ್ನ್ ಕೇಳಿಸ್ಬೇಕು.”

ಅಮ್ಮ ಬುಧವಾರ ಮೈಸೂರಿಗೆ ಹೊರಟಳು. ಗುರುವಾರ ಬೆಳಿಗ್ಗೆ ಅಪ್ಪ ಊಟದ ಡಬ್ಬಿ ಹಿಡಿದು ಆಫೀಸಿನ ಬಸ್ಸು ನಿಲ್ಲುವ ಜಾಗಕ್ಕೆ ನಡೆದರು. ನಾನೂ ಜೊತೆಗೆ ಹೋದೆ. ಬಸ್ಸಿನ ಕಿಟಕಿಯಲ್ಲಿದ್ದ ಸಹೋದ್ಯೋಗಿಯೊಬ್ಬರು ಅಪ್ಪನನ್ನು ಕಂಡು ಹುಬ್ಬೇರಿಸಿ ಏನೋ ಕೇಳಿದರು. ಕಾರು ಎಲ್ಲಿ ಎಂದಿರಬೇಕು. ಅಪ್ಪ ಮೆಟ್ಟಿಲು ಹತ್ತಿ, ಅವರ ಪಕ್ಕದ ಸೀಟಿನಲ್ಲಿ ಅವರಿಗೆ ಎದುರಾಗಿ ಹೊರಳಿ ಕೂತು, ಕಿವಿಯ ಕಡೆ ಬೆರಳು ಮಾಡಿ ಹೇಳಲು ಶುರುಮಾಡಿದರು. ಬಸ್ಸು ಹೊರಟಿತು.